ನಾರೆಪ್ಪ ಲೈನು ಕಾದದ್ದು

ಕೇಳುವವರು ಹತ್ತಿರ ಬನ್ನಿ, ನಿದ್ದೆ ಬಂದವರು ಗೋಡೆಗೆ ಒರಗಿ. ಕತೆ ಚಿಕ್ಕದು, ದಡ್ಡತನ ದೊಡ್ಡದು.

ಒಂದೂರು. ಆ ಊರಲ್ಲೊಂದು ಗೂಡಿನ ಮಂಡಿ. ಗೂಡು ಅಂದರೆ ಹಕ್ಕಿಯ ಗೂಡಲ್ಲ. ರೇಷ್ಮೆಹುಳು ತನ್ನ ಸುತ್ತ ತಾನೇ ನೂಲು ಸುತ್ತಿಕೊಂಡು ಒಳಗೆ ಮಲಗುತ್ತದಲ್ಲ, ಆ ಗೂಡು. ಮಂಡಿ ಅಂದರೆ ಆ ಗೂಡನ್ನು ಹರಾಜು ಹಾಕುವ ಜಾಗ. ಆ ಊರಲ್ಲಿ ರೇಷ್ಮೆಹುಳು ಸಾಕುವ ಪಿಳ್ಳಮ್ಮ ಅಂತ ಒಬ್ಬಳು. ಪಿಳ್ಳಮ್ಮನಿಗೆ ನಾರೆಪ್ಪ ಅಂತ ಒಬ್ಬ ಮಗ. ಒಬ್ಬನೇ ಮಗ. ಇಬ್ಬರಿದ್ದಿದ್ದರೆ ಪಿಳ್ಳಮ್ಮ ಬದುಕಿರುತ್ತಿರಲಿಲ್ಲ.

ನಾರೆಪ್ಪ ಕೆಟ್ಟವನಲ್ಲ. ಸೋಮಾರಿಯೂ ಅಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ಅದೇ ಅವನ ರೋಗ. ಒಂದು ಸಲ ಪಿಳ್ಳಮ್ಮ, "ಹುಳದ ತಟ್ಟೆ ಮೇಲೆ ಒಂದು ಕಣ್ಣಿಟ್ಟಿರು ಮಗನೆ, ಇರುವೆ ಬಂದಾವು" ಅಂತ ಹೇಳಿ ಸೊಪ್ಪಿಗೆ ಹೋದಳು. ಬಂದು ನೋಡಿದರೆ ನಾರೆಪ್ಪ ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂತಿದ್ದಾನೆ. ಇರುವೆಗಳು ಎಡಗಡೆಯಿಂದ ಸಾಲಾಗಿ ಹತ್ತುತ್ತಿವೆ.

"ಇರುವೆ ಕಾಣ್ಸಲಿಲ್ವೇನೋ?"

"ಒಂದೇ ಕಣ್ಣು ಅಂದಿದ್ದೆ ಅಲ್ವಾ ಅಮ್ಮ. ಇರುವೆ ಇನ್ನೊಂದು ಕಣ್ಣಿನ ಕಡೆಯಿಂದ ಬಂದ್ವು."

ಇಂಥವನು ಕಂಪ್ಯೂಟರ್ ಡಿಪ್ಲೊಮಾ ಪಾಸಾಗಿದ್ದ. ಹೇಗೆ ಅಂತೀರಾ? ಪುಸ್ತಕದಲ್ಲಿ ಇದ್ದ ಹಾಗೆ ಬರೆಯಿರಿ ಅಂತ ಮೇಷ್ಟ್ರು ಹೇಳಿದ್ದರು. ಪುಸ್ತಕದಲ್ಲಿ ಇದ್ದ ಹಾಗೆ ಬರೆದ, ಪುಟದ ನಂಬರು ಸಮೇತ.

ಆ ಊರ ಮಂಡಿಯ ಯಜಮಾನ ಗಂಗಿರೆಡ್ಡಿ. ಪಿಳ್ಳಮ್ಮ ಅವನ ಮನೆಗೆ ಹತ್ತಾರು ಸಲ ಅಲೆದು, ಮಗನಿಗೊಂದು ಕೆಲಸ ಕೊಡಿ ಅಂತ ಕಾಡಿದಳು. ಗಂಗಿರೆಡ್ಡಿ ಜಿಪುಣ. ಓದಿ ತಿಳಿದವನನ್ನು ಇಟ್ಟುಕೊಂಡರೆ ಸಂಬಳ ಜಾಸ್ತಿ ಕೇಳುತ್ತಾನೆ ಅಂತ ಅವನ ಲೆಕ್ಕ. "ಕಂಪ್ಯೂಟರು ಹೇಳಿದ್ದಷ್ಟೇ ಮಾಡುತ್ತೆ. ನಿನ್ನ ಮಗನೂ ಹೇಳಿದ್ದಷ್ಟೇ ಮಾಡ್ತಾನೆ. ಇಬ್ಬರಿಗೂ ಹೊಂದಿಕೆ ಆಗುತ್ತೆ ಬಿಡು ಪಿಳ್ಳಮ್ಮ" ಅಂದ. ತಾನು ಬಹಳ ಜಾಣ ಮಾತು ಆಡಿದೆ ಅಂದುಕೊಂಡು ತಾನೇ ನಕ್ಕ.

ಮಂಡಿಯ ಹರಾಜು ಹೇಗೆ ನಡೆಯುತ್ತೆ ಅನ್ನೋದನ್ನು ಇಲ್ಲಿ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಗೂಡು ಕೊಳ್ಳುವವರಿಗೆ ರೀಲರ್ ಅಂತಾರೆ. ಅವರು ಗೂಡನ್ನು ಬಿಸಿನೀರಲ್ಲಿ ಬೇಯಿಸಿ ನೂಲು ತೆಗೆಯುವವರು. ಹಿಂದೆ ಅವರೆಲ್ಲ ಮಂಡಿಯಲ್ಲಿ ನಿಂತು ದರ ಕೂಗುತ್ತಿದ್ದರು. ಈಗ ಇದ್ದಲ್ಲಿಂದಲೇ ಫೋನಿನಲ್ಲಿ ಒತ್ತುತ್ತಾರೆ. ಮಂಡಿಯ ಕೋಣೆಯಲ್ಲೊಂದು ಕಂಪ್ಯೂಟರು, ಅದಕ್ಕೆ ಸರ್ವರ್ ಅಂತ ಹೆಸರು. ಒಬ್ಬೊಬ್ಬರ ಫೋನಿನಿಂದ ಸರ್ವರಿಗೆ ಒಂದೊಂದು ಲೈನು. ಕಣ್ಣಿಗೆ ಕಾಣದ ಹಗ್ಗ ಅಂತಿಟ್ಟುಕೊಳ್ಳಿ. ಹಗ್ಗದ ತುದಿಯನ್ನು ಸಿಕ್ಕಿಸುವ ಜಾಗಕ್ಕೆ ಸಾಕೆಟ್ ಅಂತಾರೆ. ಗೋಡೆಯಲ್ಲಿ ಪ್ಲಗ್ ಚುಚ್ಚುವ ಸಾಕೆಟ್ ಅಲ್ಲ, ಆದರೆ ಹಾಗಂದುಕೊಂಡರೂ ನಷ್ಟವಿಲ್ಲ. ಲೈನಿನಲ್ಲಿರುವ ಪ್ರತಿಯೊಬ್ಬರೂ ಒಂದೋ ದರ ಏರಿಸಬೇಕು, ಇಲ್ಲವೇ 'ಸಾಕು' ಅನ್ನಬೇಕು. ಒಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಸಾಕು ಅಂದರೆ ಗೂಡು ಆ ಒಬ್ಬರಿಗೆ. ಇಷ್ಟೇ ಕಟ್ಟಳೆ. ಯಾರ ಲೈನು ಇಡಬೇಕು, ಯಾರದು ಕತ್ತರಿಸಬೇಕು ಅಂತ ಸರ್ವರಿಗೆ ಹೇಳಿಕೊಡುವುದು ನಾರೆಪ್ಪನ ಕೆಲಸ.

ನಾರೆಪ್ಪ ಕೆಲಸಕ್ಕೆ ಸೇರಿದ ವಾರವೇ ಪಿಳ್ಳಮ್ಮನ ಗೂಡು ಕೊಯ್ಲಿಗೆ ಬಂತು. ಎರಡು ಕುಕ್ಕೆ. ಕುಕ್ಕೆ ಅಂದರೆ ಬಿದಿರಿನ ಬುಟ್ಟಿ. ಆ ಎರಡು ಕುಕ್ಕೆಯಲ್ಲೇ ಅವಳ ಮುಂದಿನ ಊಟ ಇತ್ತು. ಮಾರಿದರೆ ಮತ್ತೆ ಹುಳು ತರಬಹುದು, ಮಾರದಿದ್ದರೆ ತಟ್ಟೆ ತೊಳೆದು ಅಟ್ಟಕ್ಕೆ ಹಾಕಬೇಕು. ಮಾರುವುದಕ್ಕೂ ಗಡುವಿದೆ. ಗೂಡಿನೊಳಗೆ ಮಲಗಿದ ಹುಳು ಸುಮ್ಮನೆ ಮಲಗಿರುವುದಿಲ್ಲ, ಚಿಟ್ಟೆಯಾಗುತ್ತಿರುತ್ತದೆ. ಚಿಟ್ಟೆ ತೂತು ಮಾಡಿಕೊಂಡು ಹೊರಬಂತೋ, ನೂಲಿನ ಎಳೆಯೆಲ್ಲ ಹಾಳು. ತೂತು ಬಿದ್ದ ಗೂಡನ್ನು ಯಾರೂ ಮೂಸುವುದಿಲ್ಲ. ಬೇರೆ ಮಂಡಿಗೆ ಒಯ್ಯೋಣವೆಂದರೆ ಬೆಟ್ಟದಾಚೆ, ಬಸ್ಸಿನ ಸೆಕೆಗೆ ದಾರಿಯಲ್ಲೇ ಬೆಂದುಹೋಗುತ್ತದೆ. ಪಿಳ್ಳಮ್ಮ ಎರಡೂ ಕುಕ್ಕೆ ತಂದು ಮಗನ ಮಂಡಿಯಲ್ಲೇ ಇಟ್ಟಳು.

ಮೊದಲ ದಿನ ಗಂಗಿರೆಡ್ಡಿ ಬುದ್ಧಿ ಹೇಳಿದ: "ನೋಡೋ ನಾರೆಪ್ಪ, ಗಿರಾಕಿಗಳು ದೇವರ ಸಮಾನ. ಅವರಾಗಿ ಹೋಗ್ತೀನಿ ಅಂತ ಹೇಳೋವರೆಗೂ ಯಾರ ಲೈನೂ ಕತ್ತರಿಸಬೇಡ."

"ಆಯ್ತು ರೆಡ್ಡಪ್ಪ" ಅಂದ ನಾರೆಪ್ಪ.

ಹರಾಜು ಶುರುವಾಯಿತು. ಪಿಳ್ಳಮ್ಮನ ಗೂಡಿಗೆ ದರ ಏರಿತು, ಏರಿತು, ನಿಂತಿತು. ಎಲ್ಲರಿಗಿಂತ ಹೆಚ್ಚು ಒತ್ತಿದ ಒಬ್ಬರನ್ನು ಬಿಟ್ಟು ಮಿಕ್ಕವರು ಸಾಕು, ಸಾಕು, ಸಾಕು ಅಂತ ಒತ್ತಿದರು. ಖಲಂದರ್ ಸಾಬ್ ಅಂತ ಒಬ್ಬ ರೀಲರ್ ಮಾತ್ರ ಏನೂ ಒತ್ತಲಿಲ್ಲ. ಮಂಡಿಗೆ ಮಂಡಿಯೇ ಕಾಯಿತು. ಬಿಸಿಲು ಏರಿತು. ಕೊನೆಗೆ ಖಲಂದರ್ ಸಾಬರೇ ಏದುಸಿರು ಬಿಡುತ್ತಾ ಮಂಡಿಯೊಳಗೆ ಬಂದರು.

"ನನ್ನ ಫೋನು ಗೂಡು ಬೇಯಿಸೋ ಬಾನಿಯೊಳಗೆ ಬಿತ್ತಪ್ಪ. ಬೆಂದೋಯ್ತು. ನನ್ನದು ಸಾಕು ಅಂತ ಹಾಕ್ಕೊ."

"ನೀವು ಸ್ವಲ್ಪ ಸುಮ್ನಿರಿ ಸಾಬರೆ" ಅಂದ ನಾರೆಪ್ಪ. "ನಾನು ಖಲಂದರ್ ಸಾಬರಿಗೆ ಕಾಯ್ತಾ ಇದ್ದೀನಿ."

"ನಾನೇ ಕಣೋ ಖಲಂದರ್ ಸಾಬ್."

"ನೀವು ನಿಂತಿರೋ ಖಲಂದರ್ ಸಾಬ್. ಲೈನಲ್ಲಿ ಇನ್ನೊಬ್ಬರು ಇದ್ದಾರೆ. ಅವರಾಗಿ ಹೋಗ್ತೀನಿ ಅನ್ನಲಿ."

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಕಂಪ್ಯೂಟರೂ ಅವನ ಪಕ್ಷವೇ. ಫೋನು ಬೆಂದುಹೋದರೆ ಸರ್ವರಿಗೆ ಯಾರೂ ಸುದ್ದಿ ಮುಟ್ಟಿಸುವುದಿಲ್ಲ. ಹಗ್ಗದ ಆ ತುದಿ ನೀರಲ್ಲಿ ಬಿದ್ದರೂ ಈ ತುದಿ ಇಲ್ಲಿ ಗಟ್ಟಿಯಾಗಿಯೇ ಇರುತ್ತದೆ. ಎಳೆದು ನೋಡಿದರೆ ತಾನೆ ಗೊತ್ತಾಗುವುದು? ಎಳೆದು ನೋಡಬೇಕು ಅಂತ ಇಬ್ಬರಲ್ಲಿ ಒಬ್ಬರಿಗಾದರೂ ತೋಚಬೇಕು. ತೋಚಲಿಲ್ಲ. ಸಂಜೆ ಬಾಗಿಲು ಹಾಕುವ ಹೊತ್ತಾಯಿತು, ಪಿಳ್ಳಮ್ಮನ ಗೂಡು ಮಾರಾಟವಾಗದೆ ಉಳಿಯಿತು.

ಗಂಗಿರೆಡ್ಡಿ ಕುಣಿದಾಡಿದ. "ಮಣ್ಣಿನ ಮುದ್ದೆ, ನಿನಗೆ ಕಣ್ಣಿಲ್ವಾ? ಮಾತಾಡದೆ ಸುಮ್ಮನಿದ್ದೋರು ಇಲ್ಲ ಅಂತ ತಿಳ್ಕೋಬೇಕು ಕಣೋ. ಸುಮ್ಮನಿದ್ರೆ ಕತ್ತರಿಸು. ತಿಳೀತಾ?"

"ತಿಳೀತು. ಸುಮ್ಮನಿದ್ದೋರು ಇಲ್ಲ."

ಮಾರನೆಯ ದಿನ ಹರಾಜು ಶುರುವಾಯಿತು. ಪಿಳ್ಳಮ್ಮನ ಗೂಡು ಮೊದಲಿಗೇ ಬಂತು. ದರ ಒತ್ತುವ ಮುಂಚೆ ಯಾವ ರೀಲರಾದರೂ ಒಂದು ಗಳಿಗೆ ಯೋಚಿಸುತ್ತಾನೆ. ಅಂಗಡಿಯಲ್ಲಿ ಬದನೆಕಾಯಿ ಕೊಳ್ಳುವವರೂ ಯೋಚಿಸುತ್ತಾರೆ. ಖಲಂದರ್ ಸಾಬರು ಹೊಸ ಫೋನು ಹಿಡಿದು ಗಡ್ಡ ಕೆರೆದುಕೊಂಡರು. ಲೈನು ಕಟ್. ಇನ್ನೊಬ್ಬರು ಕನ್ನಡಕ ಒರೆಸಿಕೊಂಡರು. ಲೈನು ಕಟ್. ಮತ್ತೊಬ್ಬರು ಸೀನಿದರು, ಕಟ್. ಅರೆಗಳಿಗೆಯಲ್ಲಿ ಸರ್ವರಿನಲ್ಲಿ ನರಪಿಳ್ಳೆ ಇಲ್ಲ.

"ಎಲ್ಲೋ ಗಿರಾಕಿಗಳು?" ಅಂದ ಗಂಗಿರೆಡ್ಡಿ.

"ಎಲ್ಲರನ್ನೂ ಕತ್ತರಿಸಿದೀನಿ ರೆಡ್ಡಪ್ಪ. ಯಾರೂ ಬಾಕಿ ಇಲ್ಲ" ಅಂದ ನಾರೆಪ್ಪ, ಪಾತ್ರೆ ತೊಳೆದು ಮುಗಿಸಿದವರ ಹಾಗೆ.

ಅವತ್ತೂ ಗೂಡು ಉಳಿಯಿತು. ಪಿಳ್ಳಮ್ಮನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಯ್ದರೆ ಬಾಯಿಗೇ ಅವಮಾನ ಅಂತ ಮನೆಗೆ ಬಂದವಳೇ ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟಳು. ನಾರೆಪ್ಪ "ಅಮ್ಮ" ಅಂದ, ಮಾತಿಲ್ಲ. "ಅಮ್ಮ, ಮುದ್ದೆ" ಅಂದ, ಮಾತಿಲ್ಲ. ಸುಮ್ಮನಿದ್ದೋರು ಇಲ್ಲ ಅಂತ ಹೇಳಿಸಿಕೊಂಡಿದ್ದನಲ್ಲ? ಬೀದಿಗೆ ಹೋದ, ಕಂಡವರಿಗೆಲ್ಲ ಹೇಳಿದ.

"ನಮ್ಮಮ್ಮ ಇಲ್ಲ."

ನಮ್ಮ ಕಡೆ ಒಬ್ಬರು 'ಇಲ್ಲ' ಅಂದರೆ ಅದಕ್ಕೆ ಒಂದೇ ಅರ್ಥ. ಬೀದಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಓಡಿಬಂದರು. ಯಾರೋ ಹೂವಿನ ಹಾರ ತಂದರು. ಪಕ್ಕದ ಮನೆಯವಳು ಪಿಳ್ಳಮ್ಮನ ಗುಣಗಾನ ಮಾಡುತ್ತಾ ಎದೆ ಬಡಿದುಕೊಂಡಳು. ಬದುಕಿದ್ದಾಗ ಅದೇ ಬಾಯಿ ಏನೇನು ಅಂದಿತ್ತು ಅನ್ನೋದು ಪಿಳ್ಳಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

"ಯಾರೇ ಸತ್ತಿದ್ದು?" ಅಂದಳು ಗೋಡೆಯ ಕಡೆಯಿಂದ ತಿರುಗಿ.

ಹೆಂಗಸರು ಹೊರಟುಹೋದರು. ಹಾರ ತಂದವಳು ಹಾರವನ್ನೂ ವಾಪಸು ಒಯ್ದಳು. ಪಿಳ್ಳಮ್ಮ ಮಗನ ಕಿವಿ ಹಿಡಿದು ಕೂರಿಸಿದಳು.

"ಲೋ, ಸುಮ್ಮನಿದ್ದೋರನ್ನ ಕೇಳ್ಬೇಕು ಕಣೋ, ಇದ್ದೀರಾ ಅಂತ. ನಿಮ್ಮಜ್ಜಿ ಕತೆ ಹೇಳ್ವಾಗ ನೀನು ಹೂಂ ಅಂತಿರಲಿಲ್ವಾ? ಹೂಂ ಬಂದ್ರೆ ಎಚ್ಚರ ಇದ್ದೀಯ ಅಂತ, ಹೂಂ ಬರದಿದ್ರೆ ನಿದ್ದೆ ಹೋದೆ ಅಂತ. ಹಂಗೇ ಕೇಳು. ಹೂಂ ಅಂದೋರನ್ನ ಇಟ್ಕೊ, ಅನ್ನದೋರನ್ನ ಬಿಡು."

ಒಳ್ಳೆಯ ಬುದ್ಧಿ. ಲೈನು ಬದುಕಿದೆಯೋ ಸತ್ತಿದೆಯೋ ತಿಳಿಯಲು ದೊಡ್ಡ ದೊಡ್ಡ ಕಂಪನಿಯವರು ಮಾಡುವುದೂ ಇದನ್ನೇ. ಆದರೆ ಒಳ್ಳೆಯ ಬುದ್ಧಿ ಒಳ್ಳೆಯ ತಲೆಗೆ ಹೋಗಬೇಕು.

ಮರುದಿನ ಹರಾಜಿನಲ್ಲಿ ರೀಲರುಗಳ ಫೋನು ಬಡಕೊಳ್ಳಲು ಶುರುವಾಯಿತು. ಇದ್ದೀರಾ? ಹೂಂ. ಇದ್ದೀರಾ? ಹೂಂ. ಇದ್ದೀರಾ? ಹೂಂ. ಕಣ್ಣು ಮಿಟುಕಿಸಲು ಬಿಡುವಿಲ್ಲ. ಖಲಂದರ್ ಸಾಬರ ಹೆಬ್ಬೆರಳು ನೋಯಿತು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಹರಾಜಿನಲ್ಲಿ 'ಈ ದರಕ್ಕೆ ಒಪ್ಪಿದಿರಾ' ಅಂತಲೂ ಸರ್ವರ್ ಕೇಳುತ್ತಿತ್ತು, ಅದಕ್ಕೂ ಉತ್ತರ ಹೂಂ. ನಾರೆಪ್ಪನ ಪಾಲಿಗೆ ಹೂಂ ಅಂದರೆ ಹೂಂ. ಯಾವ ಪ್ರಶ್ನೆಗೆ ಬಂದ ಹೂಂ ಅಂತ ಅವನು ನೋಡಲಿಲ್ಲ. ಒಂದೊಂದು ಹೂಂಗೂ ದರ ಒಂದೊಂದು ಮೆಟ್ಟಿಲು ಏರಿತು.

ಪಿಳ್ಳಮ್ಮ ಗೋಡೆಯ ಮೇಲಿನ ಪರದೆ ನೋಡುತ್ತಾ ನಿಂತಿದ್ದಳು. ಅವಳ ಗೂಡಿನ ದರ ರೇಷ್ಮೆ ಸೀರೆಯ ದರ ದಾಟಿತು. ಚಿನ್ನದ ದರದ ಕಡೆ ಹೊರಟಿತು. ಒಂದು ಗಳಿಗೆ ಅವಳ ಎದೆ ಹಿಗ್ಗಿತು. ಮಗ ಕೊನೆಗೂ ಕೈಗೆ ಬಂದ ಅನ್ನಿಸಿತು. ಅಷ್ಟರಲ್ಲಿ ರೀಲರುಗಳೆಲ್ಲ ಮಂಡಿಯ ಬಾಗಿಲಲ್ಲಿ ಬಂದು ನಿಂತರು.

"ರೆಡ್ಡಪ್ಪನೋರೆ, ಇದ್ದೀನಿ ಅಂದ್ರೆ ಕೊಳ್ತೀನಿ ಅಂತಲೇನ್ರೀ? ನಾಳೆಯಿಂದ ನಾವು ಇರೋದೇ ಇಲ್ಲ ನಿಮ್ಮ ಲೈನಲ್ಲಿ."

ದರ ಬಿದ್ದುಹೋಯಿತು. ಹರಾಜು ರದ್ದಾಯಿತು. ಗೂಡು ಮತ್ತೆ ಕುಕ್ಕೆಯಲ್ಲೇ. ಪಿಳ್ಳಮ್ಮ ಒಂದು ಗೂಡನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು. ಮೊದಲಿನ ಭಾರ ಇರಲಿಲ್ಲ. ಒಳಗಿನದು ಒಣಗಿ ಚಿಟ್ಟೆಯಾಗುವ ಹಾದಿ ಹಿಡಿದಿತ್ತು.

ಗಂಗಿರೆಡ್ಡಿ ಈಗ ಕುಣಿಯಲಿಲ್ಲ. ಕುಣಿಯಲು ಅವನಿಗೂ ಶಕ್ತಿ ಬೇಕಲ್ಲ. "ನೀನು ಯಾರನ್ನೂ ಏನೂ ಕೇಳಬೇಡಪ್ಪ" ಅಂದ. "ಹೋಗೋರು ಹೇಳಿ ಹೋಗಲಿ. ಅವರಿಗೆ ಒಂದು ಗುಂಡಿ ಮಾಡ್ಕೊಡು. ಹೊರಡೋವಾಗ ಮನುಷ್ಯ ಏನಂತಾನೋ ಅದನ್ನ ಆ ಗುಂಡಿ ಮೇಲೆ ಬರಿ. ಅದು ಒತ್ತಿದ್ರೆ ಮುಗೀತು."

ನಾರೆಪ್ಪ ಕೂತು 'ಹೋಗ್ತೀನಿ' ಅಂತ ಬರೆದ. ಅಷ್ಟರಲ್ಲಿ ಊಟದ ಡಬ್ಬಿ ಹಿಡಿದು ಪಿಳ್ಳಮ್ಮ ಬಂದಳು. ಅವಳಿಗೆ ಅಕ್ಷರ ಬರುತ್ತಿತ್ತು, ಬರದಿದ್ದರೆ ಚೆನ್ನಾಗಿತ್ತು.

"ಥೂ ಅಪಶಕುನದೋನೆ. ವ್ಯಾಪಾರದ ಜಾಗದಲ್ಲಿ ಹೋಗ್ತೀನಿ ಅಂತ ಬರೀತಾರೇನೋ? ನನ್ನ ಗೂಡು ಮಾರೋ ಮುಂಚೆ ಹೋಗೋ ಮಾತು ಬೇರೆ. ಬರ್ತೀನಿ ಅನ್ಬೇಕು. ಯಾರ ಮನೆಯಿಂದ ಎದ್ರೂ ಬರ್ತೀನಿ ಅಂತಲೇ ಅನ್ನೋದು ಅಂತ ಚಿಕ್ಕಂದಿನಿಂದ ಹೇಳಿಲ್ವಾ?"

ಹೇಳಿದ್ದಳು. ನಾವೆಲ್ಲರೂ ಹಾಗೇ ಅನ್ನುತ್ತೇವೆ. ಹೊರಟವರು ಬರ್ತೀನಿ ಅಂತಾರೆ, ಕೂತವರು ಹೂಂ ಅಂತಾರೆ, ಯಾರೂ ಯಾರಿಗೂ ಕಾಯುವುದಿಲ್ಲ. ನಾರೆಪ್ಪ ಹೋಗ್ತೀನಿ ಅನ್ನುವುದನ್ನು ಅಳಿಸಿ ಬರ್ತೀನಿ ಅಂತ ಬರೆದ.

ಮರುದಿನ ಹರಾಜಾಯಿತು. ಗಂಗಿರೆಡ್ಡಿ ರೀಲರುಗಳ ಕೈಕಾಲು ಹಿಡಿದು ಮತ್ತೆ ಕರೆಸಿದ್ದ. ಒಬ್ಬೊಬ್ಬರಾಗಿ ತಮಗೆ ಬೇಕಾದ ಗೂಡು ಕೊಂಡರು, ಎಲ್ಲರ ಕೊಳ್ಳುವುದೂ ಮುಗಿದ ಮೇಲೆ ಒಟ್ಟಿಗೇ 'ಬರ್ತೀನಿ' ಒತ್ತಿದರು, ಫೋನು ಜೇಬಿಗಿಟ್ಟು ತಮ್ಮ ಕೆಲಸಕ್ಕೆ ಹೋದರು. ಪಿಳ್ಳಮ್ಮನ ಗೂಡು ಕೊನೆಯದು. ಅದಕ್ಕೆ ಖಲಂದರ್ ಸಾಬರು ಒಳ್ಳೆಯ ದರ ಒತ್ತಿದರು. ಉಳಿದವರೆಲ್ಲ ಎದ್ದುಹೋಗಿದ್ದರು, ಎದುರಾಳಿಯೇ ಇಲ್ಲ. ಗೂಡು ಸಾಬರಿಗೆ ಬಿತ್ತು ಅಂತ ಪಿಳ್ಳಮ್ಮ ಆಗಲೇ ದುಡ್ಡು ಹಾಕಿಕೊಳ್ಳಲು ಚೀಲ ಬಿಡಿಸಿದಳು.

ಆದರೆ ಸರ್ವರ್ ಕದಲಲಿಲ್ಲ.

"ಇನ್ನೇನೋ ಆಗಬೇಕು?" ಅಂದಳು.

"ಎಲ್ಲರೂ ಬರ್ತೀನಿ ಅಂತ ಹೇಳಿ ಹೋಗಿದಾರಮ್ಮ. ಬಂದ ಮೇಲೆ ಸಾಕು ಅಂತಾರೆ. ಬರ್ತೀನಿ ಅಂದೋರನ್ನ ಬಿಟ್ಟು ಮುಗಿಸೋದು ಮರ್ಯಾದೆಯಾ?"

"ಅವರು ಬರಲ್ವೋ."

"ಯಾಕೆ ಬರಲ್ಲ? ಸುಳ್ಳು ಹೇಳೋ ಜನಾನಾ ಅವರು?"

ಖಲಂದರ್ ಸಾಬರು ಕಾದು ಕಾದು ಬೇಸತ್ತು, ಪಿಳ್ಳಕ್ಕಾ ಇನ್ನು ನನ್ನ ಕೈಲಾಗಲ್ಲ ಅಂತ ತಾವೂ ಒಂದು ಗುಂಡಿ ಒತ್ತಿ ಎದ್ದರು. ಯಾವ ಗುಂಡಿ ಅಂತ ಬೇರೆ ಹೇಳಬೇಕಿಲ್ಲ. ನಾರೆಪ್ಪ ಅವರ ಹೆಸರನ್ನೂ ಕಾಯುವವರ ಸಾಲಿಗೆ ಸೇರಿಸಿಕೊಂಡ.

ಗಂಗಿರೆಡ್ಡಿ ನಾರೆಪ್ಪನನ್ನು ಅವತ್ತೇ ಮಂಡಿಯಿಂದ ಆಚೆಗೆ ಹಾಕಿದ. ಕಂಪ್ಯೂಟರಿಗೆ ಗೋಣಿತಾಟು ಹೊದಿಸಿ, ಪಟ್ಟಣದಿಂದ ಬೇರೆಯವನು ಬರುವ ತನಕ ಹರಾಜಿಲ್ಲ ಅಂತ ಬಾಗಿಲಿಗೆ ಬೀಗ ಜಡಿದ. ಚಿಟ್ಟೆಗೆ ಬೀಗ ಗೊತ್ತಾಗುತ್ತದೆಯೇ? ಪಿಳ್ಳಮ್ಮ ಒಂದು ಕುಕ್ಕೆ ತಲೆಯ ಮೇಲೆ, ಇನ್ನೊಂದು ಮಗನ ತಲೆಯ ಮೇಲೆ ಹೊರಿಸಿ ಮನೆಗೆ ಹೊರಟಳು. ದಾರಿಯಲ್ಲಿ ಖಲಂದರ್ ಸಾಬರು ಸಿಕ್ಕರು. ಅವಳ ಮುಖ ನೋಡಿ ಅವರಿಗೂ ಏನೋ ಅನ್ನಿಸಿತು.

"ಅಳಬೇಡ ಪಿಳ್ಳಕ್ಕ. ಮಂಡಿ ಇಲ್ದಿದ್ರೆ ಹೋಯ್ತು, ನಾನೇ ಕೈಯಾರೆ ತಗೋತೀನಿ. ನಾಳೆ ಬೆಳಿಗ್ಗೆ ಆಟೋ ತರ್ತೀನಿ. ಒಂದೇ ಮಾತು, ಒಳಗಿರೋದು ಒಳಗೇ ಇರಬೇಕು. ಆಚೆ ಬಂದಿದ್ರೆ ನನಗೆ ಬೇಡ."

ಪಿಳ್ಳಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. ಮನೆಗೆ ಬಂದವಳೇ ಮಗನನ್ನು ಎದುರಿಗೆ ಕೂರಿಸಿಕೊಂಡಳು. ಇದು ಅವಳ ಕೊನೆಯ ಬುದ್ಧಿಮಾತು; ಇದಕ್ಕಿಂತ ಚೆನ್ನಾಗಿ ಯಾವ ತಾಯಿಯೂ ಹೇಳಲಾರಳು.

"ಮಗನೆ, ನಿನಗೆ ಜನರ ಮಾತು ಅರ್ಥ ಆಗಲ್ಲ. ಬಿಟ್ಟುಬಿಡು. ಇನ್ಮೇಲೆ ಯಾರ ಮಾತನ್ನೂ ನಂಬಬೇಡ. ಸುಮ್ಮನಿದ್ರೂ ನಂಬಬೇಡ, ಹೂಂ ಅಂದ್ರೂ ನಂಬಬೇಡ, ಬರ್ತೀನಿ ಅಂದ್ರೂ ನಂಬಬೇಡ. ಇದ್ದಾರೋ ಇಲ್ವೋ ಅಂತ ನೀನೇ ನಿನ್ನ ಕಣ್ಣಾರೆ ನೋಡು. ನೋಡಿದ ಮೇಲೇ ಇದ್ದಾರೆ ಅನ್ನು."

"ಕಣ್ಣಾರೆ ನೋಡ್ತೀನಮ್ಮ" ಅಂದ ನಾರೆಪ್ಪ.

ಬೆಳಿಗ್ಗೆ ಆಟೋಗೆ ದಾರಿ ತೋರಿಸಲು ಪಿಳ್ಳಮ್ಮ ಟಾರು ರಸ್ತೆಯ ತನಕ ಹೋಗಬೇಕಿತ್ತು, ಅವಳ ಮನೆ ಓಣಿಯ ಒಳಗಿತ್ತು. ಹೋಗುವಾಗ ಹೇಳಿದಳು: "ಗೂಡಿನ ಹತ್ರನೇ ಇರು. ಒಳಗಿರೋದು ಒಳಗೇ ಇದೆಯಾ ನೋಡ್ತಿರು. ಸಾಬರು ಬಂದು ಕೇಳಿದ್ರೆ ಹೇಳೋಕೆ ಬೇಕು."

ಆಟೋ ದಾರಿಯಲ್ಲಿ ಪಂಕ್ಚರ್ ಆಯಿತು. ಪಿಳ್ಳಮ್ಮ ರಸ್ತೆಯಲ್ಲಿ ಬಿಸಿಲಿಗೆ ಸೆರಗು ಹೊದ್ದು ಕಾದಳು. ಅವಳು ಆಟೋ ಹತ್ತಿ ಸಾಬರ ಜೊತೆ ಮನೆಗೆ ಬರುವಷ್ಟರಲ್ಲಿ ಮಧ್ಯಾಹ್ನ ತಿರುಗಿತ್ತು.

ನಾರೆಪ್ಪ ಜಗಲಿಯ ಮೇಲೆ ಕೂತಿದ್ದ. ಕೈಯಲ್ಲಿ ಬ್ಲೇಡು. ಒಂದು ಪಕ್ಕದಲ್ಲಿ ಖಾಲಿ ಸಿಪ್ಪೆಯ ಗುಡ್ಡೆ, ಬೆಳ್ಳಗೆ, ಸೀಳಿದ ಕಡಲೆಕಾಯಿ ಹಾಗೆ. ಇನ್ನೊಂದು ಪಕ್ಕದಲ್ಲಿ ಜಗಲಿಯ ಉದ್ದಕ್ಕೂ, ಹೊಸ್ತಿಲು ದಾಟಿ ನಡುಮನೆಯವರೆಗೂ, ಗೂಡು ಸೀಳಿ ತೆಗೆದ, ಇನ್ನೂ ಚಿಟ್ಟೆಯಾಗದ ಕಂದು ಬಣ್ಣದ ಹುಳುಗಳು ಸಾಲಾಗಿ ಮಲಗಿವೆ. ಕೆಲವು ಬಾಲ ಅಲ್ಲಾಡಿಸುತ್ತಿವೆ. ತಲೆ ಚುರುಕಿಲ್ಲದಿದ್ದರೇನು, ಅವನ ಕೈ ಚುರುಕು. ಎರಡು ಕುಕ್ಕೆಯೂ ಬರಿದು.

ಖಲಂದರ್ ಸಾಬರು ಆಟೋದಿಂದ ಇಳಿಯಲೇ ಇಲ್ಲ.

"ಅಮ್ಮ, ಒಂದೊಂದನ್ನೂ ಕಣ್ಣಾರೆ ನೋಡಿದೆ" ಅಂದ ನಾರೆಪ್ಪ. ಅವನ ಮುಖದಲ್ಲಿ ಬೆಳಕೋ ಬೆಳಕು. "ಸಾಬರಿಗೆ ಹೇಳು, ಒಬ್ಬರೂ ಆಚೆ ಹೋಗಿರಲಿಲ್ಲ. ಎಲ್ಲರೂ ಒಳಗೇ ಇದ್ರು."

ಪಿಳ್ಳಮ್ಮ ಬಾಯಿ ತೆರೆದಳು. ಇದ್ದ ಮಾತುಗಳನ್ನೆಲ್ಲ ಬುದ್ಧಿ ಹೇಳುವುದಕ್ಕೇ ಖರ್ಚು ಮಾಡಿದ್ದಳು.

ನಾರೆಪ್ಪ ಅವಳ ಮುಖ ನೋಡಿದ. ಅಮ್ಮನಿಗೆ ನಂಬಿಕೆ ಬಂದಿಲ್ಲ ಅಂದುಕೊಂಡ. ಜೇಬಿಗೆ ಕೈ ಹಾಕಿ ಒಂದೇ ಒಂದು ಗೂಡು ತೆಗೆದ, ಕೊಯ್ಯದ್ದು, ಇಡಿಯಾಗಿದ್ದದ್ದು. ಅದನ್ನೂ ಬ್ಲೇಡನ್ನೂ ಅವಳ ಮುಂದೆ ಹಿಡಿದ.

"ಯಾರ ಮಾತೂ ನಂಬಬಾರದು ಅಂತ ನೀನೇ ಹೇಳಿದ್ದೆ. ನನ್ನ ಮಾತೂ ನಂಬಬೇಡಮ್ಮ. ಅದಕ್ಕೇ ಇದೊಂದನ್ನ ನಿನಗೆ ಅಂತ ಉಳಿಸಿದೀನಿ. ನೀನೇ ಕೊಯ್ದು ನೋಡು."